ವೀಲ್ ಸ್ಪೇಸರ್ ಹಾಕಿದರೆ ಜೀಪು ಮಗುಚುವುದಿಲ್ಲವೇ? ಚಕ್ರ ಕಳಚಿ ಬೀಳುತ್ತದೆಯೇ? ಎರಡೂ ಮಾತಿನ ಹಿಂದಿನ ವಿಜ್ಞಾನ

ಥಾರ್, ಜಿಮ್ನಿ, ಹಳೆಯ ಜಿಪ್ಸಿ ಅಥವಾ ಜೀಪು ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ವೀಲ್ ಸ್ಪೇಸರ್ ಬಗ್ಗೆ ಎರಡು ಬಗೆಯ ಮಾತು ಓಡಾಡುತ್ತದೆ. ಮೊದಲನೆಯದು, "ಸ್ಪೇಸರ್ ಹಾಕಿಸಿ, ಗಾಡಿ ಅಗಲ ನಿಲ್ಲುತ್ತದೆ, ಘಾಟಿಯ ತಿರುವಿನಲ್ಲಿ ಪಲ್ಟಿಯಾಗುವ ಭಯವೇ ಇಲ್ಲ" ಎನ್ನುವುದು. ಎರಡನೆಯದು ಕಳಚಿ ಉರುಳುತ್ತಿರುವ ಚಕ್ರದ ವಿಡಿಯೊ ಜೊತೆಗೆ ಬರುವ "ಸ್ಪೇಸರ್ ಹಾಕಿದರೆ ಸಾವು ಖಚಿತ" ಎಂಬ ಎಚ್ಚರಿಕೆ. ಒಂದೇ ಗುಂಪಿನಲ್ಲಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಬಂದರೂ ಆಶ್ಚರ್ಯವಿಲ್ಲ.

ಎರಡರಲ್ಲೂ ಅರ್ಧ ಸತ್ಯವಿದೆ. ಗಾಡಿ ಅಗಲವಾಗುವುದು ನಿಜ, ಆದರೆ ಅದರಿಂದ ಸಿಗುವ ಲಾಭ ನಾವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಚಕ್ರ ಕಳಚುವುದೂ ಸಾಧ್ಯ, ಆದರೆ ಕಾರಣ ಸಾಮಾನ್ಯವಾಗಿ ಸ್ಪೇಸರ್ ಎಂಬ ಲೋಹದ ಬಿಲ್ಲೆ ಅಲ್ಲ. ಅದನ್ನು ಬಿಗಿದ ರೀತಿ ಮತ್ತು ಬಿಗಿದ ಮೇಲೆ ಮರೆತುಬಿಟ್ಟದ್ದು. ಮಂಗಳೂರಿನಂಥ ಉಪ್ಪುಗಾಳಿ ಮತ್ತು ಜಡಿಮಳೆಯ ಊರಿನಲ್ಲಿ ಈ ಮರೆವು ಇನ್ನಷ್ಟು ದುಬಾರಿ. ಹೇಗೆ ಎಂದು ನೋಡೋಣ.

ಸ್ಪೇಸರ್ ಅಂದರೆ ಏನು?

ಚಕ್ರದ ರಿಮ್ ಕೂರುವ ಜಾಗಕ್ಕೆ ಹಬ್ ಎನ್ನುತ್ತಾರೆ. ಹಬ್‌ನಿಂದ ಹೊರಬಂದಿರುವ ಐದಾರು ಉಕ್ಕಿನ ಕಡ್ಡಿಗಳೇ ಸ್ಟಡ್‌ಗಳು. ರಿಮ್ಮನ್ನು ಅವುಗಳಿಗೆ ಪೋಣಿಸಿ ನಟ್ ಬಿಗಿಯುತ್ತೇವೆ. ಹಬ್‌ಗೂ ರಿಮ್‌ಗೂ ನಡುವೆ ಇಡುವ ಲೋಹದ ದಪ್ಪ ಬಿಲ್ಲೆಯೇ ವೀಲ್ ಸ್ಪೇಸರ್. ಬಿಲ್ಲೆ ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಬರುತ್ತದೆ.

ಇದರಲ್ಲಿ ಎರಡು ಬಗೆ. ಒಂದು, ಕೆಲವೇ ಮಿಲಿಮೀಟರ್ ದಪ್ಪದ ಬರೀ ಬಿಲ್ಲೆ. ಇದನ್ನು ಸ್ಟಡ್‌ಗಳಿಗೆ ಪೋಣಿಸಿ ಅದರ ಮೇಲೆ ರಿಮ್ ಕೂರಿಸಿ ಹಳೆಯ ನಟ್ಟನ್ನೇ ಬಿಗಿಯುತ್ತಾರೆ. ಇನ್ನೊಂದು, ಸಾಮಾನ್ಯವಾಗಿ 25 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ್ದು. ಇದನ್ನು ಹಬ್‌ನ ಮೂಲ ಸ್ಟಡ್‌ಗಳಿಗೆ ಒಂದು ಜೊತೆ ನಟ್‌ನಿಂದ ಬಿಗಿಯಬೇಕು. ಸ್ಪೇಸರ್‌ನಲ್ಲೇ ಇರುವ ಹೊಸ ಸ್ಟಡ್‌ಗಳಿಗೆ ಚಕ್ರವನ್ನು ಇನ್ನೊಂದು ಜೊತೆ ನಟ್‌ನಿಂದ ಬಿಗಿಯಬೇಕು. ಆಫ್‌ರೋಡ್ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ.

ಜನ ಇದನ್ನು ಹಾಕಿಸಲು ಕಾರಣಗಳಿವೆ. ಅಗಲದ ಟಯರ್ ಹಾಕಿದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಯರಿನ ಒಳಮೈ ಸಸ್ಪೆನ್ಶನ್ ಭಾಗಗಳಿಗೆ ಉಜ್ಜುತ್ತದೆ. ಸ್ಪೇಸರ್ ಅದನ್ನು ಹೊರಗೆ ತಳ್ಳುತ್ತದೆ. ಇನ್ನು ಕೆಲವರಿಗೆ ಅಗಲ ನಿಲುವಿನ ಚೆಂದ ಬೇಕು. ಉಳಿದವರು ಹಾಕಿಸುವುದು "ಪಲ್ಟಿಯಾಗದು" ಎಂಬ ನಂಬಿಕೆಯಿಂದ. ಮೊದಲು ಆ ನಂಬಿಕೆಯನ್ನೇ ಲೆಕ್ಕ ಹಾಕೋಣ.

ಮಾತು 1: "ಅಗಲ ಹೆಚ್ಚಿತು, ಇನ್ನು ಮಗುಚುವುದಿಲ್ಲ"

ಗಾಡಿ ಪಕ್ಕಕ್ಕೆ ಮಗುಚುವುದು ಮುಖ್ಯವಾಗಿ ಎರಡು ಅಳತೆಗಳ ಮೇಲೆ ನಿಂತಿದೆ: ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರ, ಮತ್ತು ಗಾಡಿಯ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಸ್ಥಿರ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2001ರ ಮಾದರಿಯ ವಾಹನಗಳಿಂದ ಮಗುಚುವ ಅಪಾಯಕ್ಕೆ ಸ್ಟಾರ್ ಕೊಡಲು ಆರಂಭಿಸಿದಾಗ ಆಧಾರವಾಗಿಟ್ಟುಕೊಂಡದ್ದು ಇದೇ ಸರಳ ಲೆಕ್ಕವನ್ನು.

ಉದಾಹರಣೆಗೆ 1,400 ಕಿಲೋ ತೂಕದ ಒಂದು ಚಿಕ್ಕ ಜೀಪು ತೆಗೆದುಕೊಳ್ಳಿ. ಚಕ್ರಗಳ ನಡುವಿನ ಅಂತರ 1,400 ಮಿಲಿಮೀಟರ್ ಇರಲಿ. ಜಿಮ್ನಿಯ ಅಳತೆ ಇದಕ್ಕೆ ಬಹಳ ಹತ್ತಿರ. ಅದರ ಮುಂದಿನ ಚಕ್ರಗಳ ಅಂತರ 1,395, ಹಿಂದಿನದು 1,405. ಗುರುತ್ವ ಕೇಂದ್ರ 700 ಮಿಲಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಲೆಕ್ಕದ ಪ್ರಕಾರ ಈ ಗಾಡಿ 45 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಈಗ ಪ್ರತಿ ಚಕ್ರಕ್ಕೆ 25 ಮಿಲಿಮೀಟರ್ ಸ್ಪೇಸರ್ ಹಾಕಿ. ಅಂತರ 1,450 ಆಯಿತು. ಮಗುಚುವ ಕೋನ ಎಷ್ಟಾಯಿತು? 46 ಡಿಗ್ರಿ. ಲಾಭ ಒಂದೇ ಒಂದು ಡಿಗ್ರಿ.

ಅದೇ ಗಾಡಿಗೆ ಎರಡು ಇಂಚು ಲಿಫ್ಟ್ ಕಿಟ್ಟೂ ಹಾಕಿಸಿದಿರಿ, ಗುರುತ್ವ ಕೇಂದ್ರ 40 ಮಿಲಿಮೀಟರ್ ಮೇಲೆ ಹೋಯಿತು ಎನ್ನಿ. ಕೋನ ಸುಮಾರು 44 ಡಿಗ್ರಿಗೆ ಇಳಿಯುತ್ತದೆ. ಅಂದರೆ ಏನೂ ಮಾಡಿಸದ ಗಾಡಿಗಿಂತಲೂ ಕಡಿಮೆ. ಲಿಫ್ಟ್ ಬಿಡಿ, ಸ್ಪೇಸರ್ ಹಾಕಿದ ಗಾಡಿಯ ಮೇಲಿನ ಕ್ಯಾರಿಯರ್‌ಗೆ 100 ಕಿಲೋ ಸಾಮಾನು ಏರಿಸಿದರೂ ಸಾಕು, ಕೋನ ಸುಮಾರು 43 ಡಿಗ್ರಿಗೆ ಬರುತ್ತದೆ. ಸ್ಪೇಸರ್ ಕೊಟ್ಟದ್ದರ ಮೂರು ಪಟ್ಟನ್ನು ಕ್ಯಾರಿಯರ್ ಕಿತ್ತುಕೊಂಡಿತು.

ನಿಜವಾದ ರಸ್ತೆಯಲ್ಲಿ ಸ್ಪ್ರಿಂಗ್ ಕುಗ್ಗುತ್ತದೆ, ಟಯರ್ ಅದುಮುತ್ತದೆ, ವೇಗವೂ ಸೇರುತ್ತದೆ. ಹಾಗಾಗಿ ಯಾವ ಗಾಡಿಯೂ 45 ಡಿಗ್ರಿಯವರೆಗೆ ಕಾಯುವುದಿಲ್ಲ. ಈ ಸಂಖ್ಯೆಗಳು ಹೋಲಿಕೆಗೆ ಮಾತ್ರ. ಆದರೆ ಹೋಲಿಕೆ ಹೇಳುವುದು ಸ್ಪಷ್ಟ: ಚಾರ್ಮಾಡಿಯ ತಿರುವಿನಲ್ಲಿ ನಿಮ್ಮನ್ನು ಕಾಯುವುದು ಸ್ಪೇಸರ್ ಅಲ್ಲ, ಕಡಿಮೆ ವೇಗ ಮತ್ತು ಖಾಲಿ ಕ್ಯಾರಿಯರ್. ಸ್ಪೇಸರ್ ಇದೆ ಎಂಬ ಧೈರ್ಯದಲ್ಲಿ ತಿರುವಿಗೆ ಹತ್ತು ಕಿಲೋಮೀಟರ್ ವೇಗ ಹೆಚ್ಚಿಸಿದರೆ ಆ ಒಂದು ಡಿಗ್ರಿ ಎಲ್ಲಿ ಹೋಯಿತೆಂದು ಗೊತ್ತೂ ಆಗದು.

ಮಾತು 2: "ಸ್ಪೇಸರ್ ಹಾಕಿದರೆ ಚಕ್ರ ಕಳಚುವುದು ಖಚಿತ"

ಇದಕ್ಕೆ ಉತ್ತರ ಸಿಗಬೇಕಾದರೆ ಚಕ್ರವನ್ನು ಹಿಡಿದಿಟ್ಟಿರುವುದು ಯಾವುದು ಎಂದು ಮೊದಲು ತಿಳಿಯಬೇಕು. ಗಾಡಿಯ ಭಾರವನ್ನು ಸ್ಟಡ್‌ಗಳು ಗೂಟಗಳಂತೆ ಹೊತ್ತಿವೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಒಂದಿಷ್ಟು ಹಿಗ್ಗುತ್ತದೆ, ರಬ್ಬರ್ ಬ್ಯಾಂಡಿನಂತೆ ಮರಳಿ ಕುಗ್ಗಲು ನೋಡುತ್ತದೆ. ಆ ಎಳೆತ ರಿಮ್ಮನ್ನು ಹಬ್‌ಗೆ ಅದುಮಿ ಹಿಡಿಯುತ್ತದೆ. ಹೀಗೆ ಅದುಮಿದ ಎರಡು ಮೈಗಳ ನಡುವಿನ ಘರ್ಷಣೆಯೇ ಚಕ್ರ ಜಾರದಂತೆ ತಡೆಯುವುದು.

ಆ ಅದುಮುವ ಬಲ ಸಣ್ಣದಲ್ಲ. 12 ಮಿಲಿಮೀಟರ್ ದಪ್ಪದ ಸ್ಟಡ್‌ನ ನಟ್ಟನ್ನು 100 ನ್ಯೂಟನ್ ಮೀಟರ್ ಟಾರ್ಕ್‌ಗೆ ಬಿಗಿದರೆ ಒಂದೊಂದು ಸ್ಟಡ್ ಸರಿಸುಮಾರು 4 ಟನ್ ತೂಕದಷ್ಟು ಬಲದಿಂದ ರಿಮ್ಮನ್ನು ಅದುಮುತ್ತದೆ. ಐದು ಸ್ಟಡ್ ಸೇರಿ 20 ಟನ್. ಈ ಬಲ ಇರುವವರೆಗೆ ಚಕ್ರ ಅಲ್ಲಾಡುವುದಿಲ್ಲ.

ಆದರೆ ಇಷ್ಟು ಬಲ ಕೊಡಲು ಸ್ಟಡ್ ಹಿಗ್ಗುವುದು ಎಷ್ಟು ಗೊತ್ತೇ? ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಪಾಲು. ಒಂದು ಕೂದಲೆಳೆಯ ದಪ್ಪದಷ್ಟು ಮಾತ್ರ. ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಹಬ್ ಮತ್ತು ಸ್ಪೇಸರ್ ನಡುವೆ ಕೂದಲೆಳೆಯಷ್ಟು ದಪ್ಪದ ತುಕ್ಕು, ಪೇಂಟ್, ಕೆಸರು ಅಥವಾ ಹೊಯಿಗೆ ಉಳಿದಿದ್ದು, ಗಾಡಿ ಓಡಿದಂತೆ ಅದು ಪುಡಿಯಾಗಿ ಉದುರಿತು ಎನ್ನಿ. ಸ್ಟಡ್‌ನ ಹಿಗ್ಗು ಅಷ್ಟೂ ಸಡಿಲಾಯಿತು, ಅದರೊಂದಿಗೆ ಆ 4 ಟನ್ ಬಲವೂ ಹೋಯಿತು. ನಟ್ ತಿರುಗಿ ಹೊರಬಂದಿಲ್ಲ, ನೋಡಲು ಎಲ್ಲ ಸರಿಯಾಗಿಯೇ ಇದೆ. ಆದರೆ ಚಕ್ರ ಈಗ ಒಳಗೊಳಗೇ ಅಲ್ಲಾಡುತ್ತದೆ, ಪ್ರತಿ ಸುತ್ತಿನಲ್ಲೂ ಸ್ಟಡ್ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ತುಂಡು ಮಾಡಿದಂತೆ ಒಂದು ದಿನ ಸ್ಟಡ್ ತುಂಡಾಗುತ್ತದೆ. ಒಂದು ಹೋದರೆ ಉಳಿದವುಗಳ ಮೇಲೆ ಹೊರೆ ಹೆಚ್ಚಿ ಅವೂ ಬೇಗ ಹೋಗುತ್ತವೆ.

ಇದು ಸ್ಪೇಸರ್ ಇಲ್ಲದ ಗಾಡಿಯಲ್ಲೂ ಆಗಬಹುದು. ಹಾಗಿದ್ದರೆ ಸ್ಪೇಸರ್ ಹಾಕಿದಾಗ ಬದಲಾಗುವುದು ಏನು? ಅದುಮಿ ಹಿಡಿಯಬೇಕಾದ ಜಾಗ ಒಂದಿದ್ದದ್ದು ಎರಡಾಗುತ್ತದೆ. ಹಬ್‌ಗೂ ಸ್ಪೇಸರ್‌ಗೂ ನಡುವೆ ಒಂದು, ಸ್ಪೇಸರ್‌ಗೂ ರಿಮ್‌ಗೂ ನಡುವೆ ಇನ್ನೊಂದು. ಅದರಲ್ಲಿ ಒಳಗಿನ ನಟ್‌ಗಳು ರಿಮ್‌ನ ಹಿಂದೆ ಅಡಗಿರುತ್ತವೆ. ಚಕ್ರ ಬಿಚ್ಚದೆ ಅವು ಕಾಣುವುದಿಲ್ಲ, ಸ್ಪ್ಯಾನರ್ ಹಾಕಿ ನೋಡುವಂತೆಯೂ ಇಲ್ಲ. ಪಂಕ್ಚರ್ ಅಂಗಡಿಯಲ್ಲಿ ಹೊರಗಿನ ಐದು ನಟ್ ಬಿಗಿದು "ಆಯಿತು ಅಣ್ಣ" ಎಂದರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ.

ತೆಳು ಬಿಲ್ಲೆಯ ಸ್ಪೇಸರ್‌ಗೆ ಬೇರೆಯೇ ಸಮಸ್ಯೆ. ಅದು ಎಷ್ಟು ದಪ್ಪವೋ ಅಷ್ಟು ಮಿಲಿಮೀಟರ್ ಸ್ಟಡ್‌ನ ಉದ್ದವನ್ನು ತಿನ್ನುತ್ತದೆ. 12 ಮಿಲಿಮೀಟರ್ ದಪ್ಪದ ಸ್ಟಡ್ ಆದರೆ ನಟ್‌ನ ಒಳಗೆ ಕಡಿಮೆಯೆಂದರೂ 12 ಮಿಲಿಮೀಟರ್ ಉದ್ದದ ಮರೆ ಕೂತಿರಬೇಕು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ನಾಲ್ಕೈದು ಸುತ್ತಿಗೇ ನಟ್ ಬಿಗಿಯಾಗಿ ನಿಂತರೆ ಆ ಗಾಡಿಯನ್ನು ರಸ್ತೆಗೆ ಇಳಿಸಬಾರದು.

ಹಾಗೆಂದು ಎಲ್ಲ ಸ್ಪೇಸರ್‌ಗಳೂ ಅಪಾಯ ಎನ್ನುವುದೂ ತಪ್ಪು. ಜರ್ಮನಿಯ ಪೋರ್ಷೆ ಕಂಪನಿ ತನ್ನ ಕೆಲವು ಕಾರುಗಳಿಗೆ ತಾನೇ ಸ್ಪೇಸರ್ ಮಾರಿದೆ. ಆ ಗಾಡಿಗೆಂದೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ಉದ್ದದ ಬೋಲ್ಟ್ ಕೊಟ್ಟು ಮಾಡಿದ ಸ್ಪೇಸರ್ ಬೇರೆ. ಆನ್‌ಲೈನ್‌ನಲ್ಲಿ "ಎಲ್ಲ ಜೀಪುಗಳಿಗೂ ಹೊಂದುತ್ತದೆ" ಎಂದು ಮಾರುವ ಬಿಲ್ಲೆ ಬೇರೆ. ಜಿಪ್ಸಿ, ಜಿಮ್ನಿ ಮತ್ತು ಹಳೆಯ ಜೀಪುಗಳ ಐದು ಸ್ಟಡ್‌ಗಳ ವೃತ್ತ 139.7 ಮಿಲಿಮೀಟರ್, ಅಂದರೆ ಐದೂವರೆ ಇಂಚು, ಇರುವುದರಿಂದ ಒಂದರ ಸ್ಪೇಸರ್ ಇನ್ನೊಂದಕ್ಕೆ ತೂರಿಕೊಳ್ಳಬಹುದು. ತೂರಿಕೊಂಡಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ನಡುವಿನ ದೊಡ್ಡ ರಂಧ್ರ ಹಬ್‌ನ ಉಬ್ಬಿಗೆ ಸರಿಯಾಗಿ ಕೂರಬೇಕು, ಸ್ಟಡ್‌ನ ಮರೆಯ ಅಳತೆ ಒಂದೇ ಇರಬೇಕು, ಹಬ್‌ನ ಮೂಲ ಸ್ಟಡ್‌ಗಳು ಸ್ಪೇಸರ್‌ನಿಂದ ಹೊರಚಾಚಿ ರಿಮ್‌ಗೆ ತಾಗಬಾರದು.

ಕರಾವಳಿಯಲ್ಲಿ ಇದು ಯಾಕೆ ಹೆಚ್ಚು ಮುಖ್ಯ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆ ಬಿಟ್ಟಾಗ ಉಪ್ಪುಗಾಳಿ. ಉಕ್ಕಿನ ಹಬ್‌ಗೆ ಅಲ್ಯೂಮಿನಿಯಂ ಸ್ಪೇಸರ್ ಅಂಟಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದು ಒಂದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಅಲ್ಯೂಮಿನಿಯಂ ನಿಧಾನಕ್ಕೆ ಸವೆದು ಬಿಳಿ ಪುಡಿಯಾಗುತ್ತದೆ, ಉಕ್ಕಿಗೆ ಕೆಂಪು ತುಕ್ಕು ಹಿಡಿಯುತ್ತದೆ. ಕೆಲವೊಮ್ಮೆ ಸ್ಪೇಸರ್ ಹಬ್‌ಗೆ ಕಚ್ಚಿಕೊಂಡು ಸುತ್ತಿಗೆಯಿಂದ ಬಡಿದರೂ ಬಾರದು. ಕೆಲವೊಮ್ಮೆ ಮೇಲೆ ಹೇಳಿದ ಕೂದಲೆಳೆಯ ಪದರ ರೂಪುಗೊಂಡು ಬಿಗಿತ ಕಡಿಮೆಯಾಗುತ್ತದೆ. ಕಡಲತೀರದ ಹೊಯಿಗೆಗೆ ಇಳಿದು ಬಂದ ಗಾಡಿಗೆ, ನೆರೆ ನೀರಿನಲ್ಲಿ ಓಡಿದ ಗಾಡಿಗೆ ಈ ಅಪಾಯ ಹೆಚ್ಚು.

ಇನ್ನೊಂದು ಕಾರಣ ಘಾಟಿ. ಶಿರಾಡಿ, ಚಾರ್ಮಾಡಿ, ಸಂಪಾಜೆ, ಮಂಗಳೂರಿನಿಂದ ಮೂಡಣಕ್ಕೆ ಹೊರಟರೆ ಒಂದಲ್ಲ ಒಂದು ಘಾಟಿ ಹತ್ತಿ ಇಳಿಯಲೇಬೇಕು. ಇಳಿಯುವಾಗ ಬ್ರೇಕ್ ಬಿಸಿಯಾಗಿ ಆ ಶಾಖ ಹಬ್‌ಗೂ ಸ್ಪೇಸರ್‌ಗೂ ಹರಿಯುತ್ತದೆ. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದರ ಮೇಲೆ ಮಳೆನೀರು ರಾಚಿದಾಗ ತಟ್ಟನೆ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಹೊಸದಾಗಿ ಹಾಕಿಸಿದ ಸ್ಪೇಸರ್ ಸ್ವಲ್ಪ "ಕೂರುತ್ತದೆ". ಹಾಕಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು ಎನ್ನುವುದು ಇದಕ್ಕೇ.

ಬೇರಿಂಗ್‌ಗೂ ಸ್ಟೇರಿಂಗ್‌ಗೂ ಏನಾಗುತ್ತದೆ?

ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಮೈಲಿ ದೂರ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. ಕೊಡದ ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಸ್ಪೇಸರ್ ಬೇರಿಂಗ್‌ಗೆ ಮಾಡುವುದೂ ಇದನ್ನೇ. ಒಂದೂವರೆ ಟನ್ ಗಾಡಿಯ ಒಂದು ಚಕ್ರ ಸುಮಾರು 375 ಕಿಲೋ ಹೊರುತ್ತದೆ. ಆ ಭಾರ ಬೇರಿಂಗ್‌ನಿಂದ 25 ಅಥವಾ 30 ಮಿಲಿಮೀಟರ್ ಹೊರಗೆ ಸರಿದಾಗ ಬೇರಿಂಗ್ ಮೇಲಿನ ತಿರುಚು ಹೆಚ್ಚುತ್ತದೆ. ಗುಂಡಿಗೆ ಬಿದ್ದಾಗ ಈ ಹೊರೆ ಹಲವು ಪಟ್ಟು ಏರುತ್ತದೆ. ಬೇರಿಂಗ್ ನಾಳೆಯೇ ಹೋಗುತ್ತದೆ ಎಂದಲ್ಲ, ಬಾಳಿಕೆ ಕಡಿಮೆಯಾಗುತ್ತದೆ.

ಮುಂದಿನ ಚಕ್ರಗಳಲ್ಲಿ ಇನ್ನೊಂದು ಬದಲಾವಣೆ ಇದೆ. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷಕ್ಕೂ ಟಯರ್ ನೆಲ ಮುಟ್ಟುವ ಜಾಗಕ್ಕೂ ನಡುವಿನ ದೂರ ಹೆಚ್ಚುತ್ತದೆ. ಹಾಗಾಗಿ ಒಂದು ಚಕ್ರ ಕಲ್ಲಿಗೆ ಹೊಡೆದಾಗ ಅಥವಾ ನಿಂತ ನೀರಿಗೆ ನುಗ್ಗಿದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಕಾಡುದಾರಿಯಲ್ಲಿ ಹೆಬ್ಬೆರಳನ್ನು ಸ್ಟೇರಿಂಗ್‌ನ ಒಳಬದಿಗೆ ಸುತ್ತಿ ಹಿಡಿಯಬೇಡಿ ಎಂದು ಆಫ್‌ರೋಡ್ ಕಲಿಸುವವರು ಹೇಳುವುದು ಇಂಥ ಎಳೆತಕ್ಕೇ.

ಟಯರ್ ಮಡ್‌ಗಾರ್ಡ್‌ನಿಂದ ಹೊರಬಂದರೆ ತೊಂದರೆ ನಿಮ್ಮೊಬ್ಬರದ್ದೇ ಅಲ್ಲ. ಮಳೆಗಾಲದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಿಮ್ಮ ಪಕ್ಕದಲ್ಲಿ ಬರುವ ಸ್ಕೂಟರ್ ಸವಾರರ ಮುಖಕ್ಕೆ ಕೆಸರು, ಕಲ್ಲು ಹಾರುತ್ತದೆ. ಅವರಿಗೆ ಒಂದು ಕ್ಷಣ ದಾರಿ ಕಾಣದಿದ್ದರೂ ಸಾಕು.

ಗ್ಯಾರೇಜ್ ಮಾತುಗಳು: ಯಾವುದು ಸರಿ, ಯಾವುದು ತಪ್ಪು?

"ಸ್ಪ್ಯಾನರ್ ಮೇಲೆ ಹತ್ತಿ ತುಳಿದು ಬಿಗಿದರೆ ಆಯಿತು." ತಪ್ಪು. ಅತಿಯಾಗಿ ಬಿಗಿದರೆ ಸ್ಟಡ್ ರಬ್ಬರಿನಂತೆ ಮರಳಿ ಕುಗ್ಗುವ ಗುಣ ಕಳೆದುಕೊಂಡು ಎಳೆದ ಚ್ಯೂಯಿಂಗ್ ಗಮ್‌ನಂತಾಗುತ್ತದೆ. ಗಾಡಿಯ ಮತ್ತು ಸ್ಪೇಸರ್‌ನ ಕೈಪಿಡಿ ಹೇಳುವಷ್ಟೇ ಟಾರ್ಕ್‌ಗೆ, ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು. ಗಾಳಿ ಗನ್ ನಟ್ ಬೇಗ ಬಿಚ್ಚಲು ಸರಿ, ಕೊನೆಯ ಬಿಗಿತಕ್ಕೆ ಅಲ್ಲ.

"ಸ್ಟಡ್‌ಗೆ ಗ್ರೀಸ್ ಹಚ್ಚಿದರೆ ತುಕ್ಕು ಬಾರದು." ಅಪಾಯ. ಕೈಪಿಡಿಯ ಟಾರ್ಕ್ ಸಾಮಾನ್ಯವಾಗಿ ಒಣ ಸ್ಟಡ್‌ಗೆ ಹೇಳಿದ್ದು. ಗ್ರೀಸ್ ಹಚ್ಚಿದಾಗ ಅದೇ ಟಾರ್ಕ್‌ಗೆ ಸ್ಟಡ್ ಹೆಚ್ಚು ಹಿಗ್ಗುತ್ತದೆ, ಮಿತಿ ಮೀರಬಹುದು.

"ಲೇತ್‌ನಲ್ಲಿ ಕಡೆಸಿದರೆ ಅರ್ಧ ದುಡ್ಡಿಗೆ ಆಗುತ್ತದೆ." ಲೇತ್ ಕೆಲಸದವರ ಕೈ ಎಷ್ಟೇ ಚೆನ್ನಾಗಿರಲಿ, ಆ ಅಲ್ಯೂಮಿನಿಯಂ ಯಾವ ದರ್ಜೆಯದು, ಹಾಕಿದ ಸ್ಟಡ್ ಯಾವ ಬಲದ್ದು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯಾಗದ ತುಂಡನ್ನು ಚಕ್ರದ ಕೆಳಗೆ ಇಡಬೇಡಿ.

"ಹೊರಚಾಚುವ ಅಗಲ ರಿಮ್ ಹಾಕಿಸಿದರೆ ಸ್ಪೇಸರ್‌ನ ಯಾವ ತೊಂದರೆಯೂ ಇಲ್ಲ." ಅರ್ಧ ಸರಿ. ಬೇರಿಂಗ್, ಸ್ಟೇರಿಂಗ್ ಮೇಲಿನ ಪರಿಣಾಮ ಎರಡಕ್ಕೂ ಒಂದೇ. ಆದರೆ ರಿಮ್‌ನಲ್ಲಿ ಅಡಗಿದ ಎರಡನೇ ಜೊತೆ ನಟ್ ಇರುವುದಿಲ್ಲ. ಆ ಮಟ್ಟಿಗೆ ರಿಮ್ ಮೇಲು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ ಸೇರಿಸಿದ 182ಎ ಸೆಕ್ಷನ್ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ.

52ನೇ ಸೆಕ್ಷನ್‌ನಲ್ಲಿ "ವೀಲ್ ಸ್ಪೇಸರ್" ಎಂಬ ಪದವಿಲ್ಲ ಎಂದು ವಾದಿಸುವವರಿದ್ದಾರೆ. ಪದವಿಲ್ಲ, ನಿಜ. ಆದರೆ ಪದವಿಲ್ಲದ್ದು ಅನುಮತಿಯಲ್ಲ. ಜರ್ಮನಿಯಲ್ಲಿ ಸ್ಪೇಸರ್ ಹಾಕಬೇಕಾದರೆ ಪರೀಕ್ಷೆಯಾದ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಅಂಗಡಿಯವರು ಕೊಡುವ ಬಿಲ್ಲು ಅಂಥ ಪ್ರಮಾಣಪತ್ರವಲ್ಲ. ಅಪಘಾತವಾದ ದಿನ ವಿಮಾ ಕಂಪನಿ "ಈ ಬದಲಾವಣೆ ನಮಗೆ ತಿಳಿಸಿರಲಿಲ್ಲ" ಎಂದು ತಕರಾರು ಎತ್ತಬಹುದು. ಬೇರಿಂಗ್ ಹೋದಾಗ ವಾರಂಟಿ ಕೇಳಿದರೂ ಅದೇ ಪ್ರಶ್ನೆ ಬರುತ್ತದೆ. ಹಾಕಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮಾ ಕಂಪನಿಯಲ್ಲಿ ಬರಹದಲ್ಲಿ ಕೇಳುವುದು ಕ್ಷೇಮ.

ಈಗಾಗಲೇ ಹಾಕಿಸಿದ್ದರೆ ಇವಿಷ್ಟು ಮಾಡಿ

1. ಹಾಕಿಸಿ 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರ ಬಿಚ್ಚಿಸಿ ಒಳಗಿನ ನಟ್‌ಗಳನ್ನು, ಮತ್ತೆ ಹೊರಗಿನ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ನೋಡಿಸಿ.

2. ಆಮೇಲೆ ಪ್ರತಿ ಸರ್ವಿಸ್‌ನಲ್ಲೂ, ಪ್ರತಿ ಆಫ್‌ರೋಡ್ ಅಥವಾ ಕಡಲತೀರದ ಓಡಾಟದ ನಂತರವೂ ಇದನ್ನೇ ಮಾಡಿ. ಮಳೆಗಾಲ ಮುಗಿದಾಗ ಒಮ್ಮೆ ಸ್ಪೇಸರನ್ನೇ ಬಿಚ್ಚಿಸಿ, ಹಬ್‌ನ ಮೈಯನ್ನು ಲೋಹ ಕಾಣುವವರೆಗೆ ಬ್ರಷ್‌ನಿಂದ ಉಜ್ಜಿಸಿ.

3. ಪಂಕ್ಚರ್ ಆದಾಗ ಅಂಗಡಿಯವರಿಗೆ ಸ್ಪೇಸರ್ ಇದೆ ಎಂದು ಹೇಳಿ. ಚಕ್ರ ಹೇಗೂ ಬಿಚ್ಚಿದ್ದಾರೆ, ಒಳಗಿನ ನಟ್ ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

4. ನಟ್‌ನ ಬುಡದಿಂದ ಕಂದು ಬಣ್ಣದ ಗೆರೆ ಇಳಿದಿದ್ದರೆ, ನಿಧಾನ ವೇಗದಲ್ಲಿ "ಟಿಕ್ ಟಿಕ್" ಸದ್ದು ಬಂದರೆ, ಸ್ಟೇರಿಂಗ್ ಹೊಸದಾಗಿ ನಡುಗತೊಡಗಿದರೆ ಗಾಡಿ ನಿಲ್ಲಿಸಿ. ಇವು ಸಡಿಲಾದ ಚಕ್ರದ ಲಕ್ಷಣಗಳಾಗಿರಬಹುದು.

5. ಒಂದರ ಮೇಲೊಂದು ಎರಡು ಸ್ಪೇಸರ್ ಇಡಬೇಡಿ. ಒಂದೇ ಆಕ್ಸಲ್‌ನ ಒಂದು ಬದಿಗೆ ಮಾತ್ರ ಹಾಕಬೇಡಿ. ಬಿರುಕು ಕಂಡ ಸ್ಪೇಸರ್ ಅಥವಾ ಬಾಗಿದ ಸ್ಟಡ್ಡನ್ನು ಮತ್ತೆ ಬಳಸಬೇಡಿ.

ಇಷ್ಟೆಲ್ಲ ನೋಡಿಕೊಳ್ಳಲು ಪುರುಸೊತ್ತಿಲ್ಲ ಎನಿಸಿದರೆ ಅದೇ ನಿಮಗೆ ಉತ್ತರ. ಮಕ್ಕಳನ್ನು ಶಾಲೆಗೆ ಬಿಡುವ, ತೋಟಕ್ಕೆ ಗೊಬ್ಬರ ಸಾಗಿಸುವ, ತಿಂಗಳಿಗೊಮ್ಮೆ ಘಾಟಿ ಹತ್ತುವ ಗಾಡಿಗೆ ಸ್ಪೇಸರ್‌ನಿಂದ ಸಿಗುವ ಒಂದು ಡಿಗ್ರಿಗಿಂತ ಅದು ಬೇಡುವ ಕಾಳಜಿಯೇ ದೊಡ್ಡದು.

ಇನ್ನು ಮುಂದೆ ಸ್ಪೇಸರ್ ಬಗ್ಗೆ ಹೊಗಳಿಕೆಯದ್ದೋ ಹೆದರಿಕೆಯದ್ದೋ ಫಾರ್ವರ್ಡ್ ಬಂದರೆ ಕಳುಹಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಒಳಗಿನ ನಟ್ ಕೊನೆಯ ಸಲ ನೋಡಿದ್ದು ಯಾವಾಗ?" ಉತ್ತರ ಬಂದ ಮೇಲೆ ಫಾರ್ವರ್ಡ್ ಮಾಡಬೇಕೋ ಬೇಡವೋ ಎಂದು ನೀವೇ ನಿರ್ಧರಿಸಿ.